ಮನೆವಾರ್ತೆ: ಮಳೆಗಾಲದಲ್ಲಿ ಮನೆಯ ಈಜುಕೊಳ

ಒಂದು ಕಾಲದಲ್ಲಿ ಅರಮನೆಗಳಿಗೂ ದೇವಾಲಯಗಳಿಗೂ ಮೀಸಲಾಗಿದ್ದ ಕೊಳವು ಈಗ ಗೃಹಸ್ಥರ ಹಿತ್ತಿಲಿಗೂ ಬಂದಿರುವುದು. ಬೆಂಗಳೂರಿನ ಬಡಾವಣೆಗಳಲ್ಲಿಯೂ, ಮಂಗಳೂರು ಉಡುಪಿಗಳ ಕಡಲತಡಿಯಲ್ಲಿಯೂ, ಕೊಡಗಿನ ತೋಟದ ಮನೆಗಳಲ್ಲಿಯೂ ಈಜುಕೊಳವನ್ನು ಕಾಣಬಹುದು. ಬೇಸಗೆಯಲ್ಲಿ ಅದು ಮಕ್ಕಳ ಸಂತೋಷಕ್ಕೆ ಕಾರಣವು. ಮಳೆಗಾಲದಲ್ಲಿ ಅದೇ ಕೊಳವು ಮನೆಯ ಹಿರಿಯರ ವಿವೇಕವನ್ನು ಪರೀಕ್ಷಿಸುವುದು. 2021ನೆಯ ಇಸವಿಯ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಉತ್ತರಕ್ಕೆ ಸಾಗಿದಾಗ, ಮುಂಗಾರಿಗೆ ಮೊದಲೇ ನಮ್ಮ ಕರಾವಳಿಯು ಗಾಳಿಮಳೆಗಳಿಗೆ ಸಿಕ್ಕಿದುದನ್ನು ವಾಚಕರು ಮರೆತಿರಲಾರರು. ಆದುದರಿಂದ ಜೂನ್ ತಿಂಗಳನ್ನು ಕಾಯದೆ ಈ ವಿಷಯವನ್ನು ವಿಚಾರಿಸುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಬಿರುಮಳೆಯ ಸುದ್ದಿಯನ್ನು ಕೇಳಿದೊಡನೆ ಹಲವರಿಗೆ ತೋರುವ ಉಪಾಯವು ಕೊಳವನ್ನು ಬರಿದುಮಾಡುವುದು. ನೀರೇ ಇಲ್ಲದಿದ್ದರೆ ಉಕ್ಕುವುದೆಲ್ಲಿ, ಕೆಡುವುದೆಲ್ಲಿ ಎಂದು ಅವರ ವಾದವು. ಕೇಳುವುದಕ್ಕೆ ಸರಿಯಾಗಿ ತೋರುವ ಈ ಮಾತೇ ದೊಡ್ಡ ಹಾನಿಗೆ ಮೂಲವಾಗಬಲ್ಲದು. ಬಚ್ಚಲ ಹಂಡೆಯ ನೀರಿನಲ್ಲಿ ಬರಿಯ ಚೊಂಬನ್ನು ನೆಟ್ಟಗೆ ಹಿಡಿದು ಒತ್ತಿ ನೋಡಿರಿ. ಕೈಬಿಟ್ಟೊಡನೆ ಅದು ಮೇಲಕ್ಕೆ ನೆಗೆಯುವುದು. ಅದೇ ಚೊಂಬಿಗೆ ನೀರು ತುಂಬಿ ಬಿಟ್ಟರೆ ತಳದಲ್ಲಿ ಸುಮ್ಮನೆ ಕುಳಿತಿರುವುದು. ಮಳೆಗಾಲದಲ್ಲಿ ಅಂತರ್ಜಲವೇರಿ ಸುತ್ತಲಿನ ಮಣ್ಣು ನೀರುಂಡು ನಿಂತಾಗ ನಮ್ಮ ಕೊಳದ ಸ್ಥಿತಿಯೂ ಇಂಥದೇ.

8 ಮೀಟರು ಉದ್ದ, 4 ಮೀಟರು ಅಗಲ, 1.5 ಮೀಟರು ಆಳದ ಕೊಳದಲ್ಲಿ 48,000 ಲೀಟರು, ಅಂದರೆ 48 ಟನ್ನು ನೀರಿರುವುದು. ಹೊರಗಿನ ಅಂತರ್ಜಲವು ಕೊಳದ ತಳಕ್ಕಿಂತ 1 ಮೀಟರು ಮೇಲೆ ನಿಂತರೆ, ಅದು ಆ ತಳವನ್ನು 32 ಟನ್ನಿನಷ್ಟು ಬಲದಿಂದ ಮೇಲಕ್ಕೆ ಒತ್ತುವುದು. ಒಳಗಿನ ನೀರನ್ನು ನಾವೇ ತೆಗೆದುಹಾಕಿದರೆ ಈ ಒತ್ತಡವನ್ನು ಎದುರಿಸಲು ಕಾಂಕ್ರೀಟಿನ ಸ್ವಂತ ಭಾರವೇ ಮುಖ್ಯ ಆಧಾರವು. ಅದು ಸಾಲದಿದ್ದರೆ ತಳವು ಬಿರಿಯುವುದು, ಇಲ್ಲವೆ ತೊಟ್ಟಿಯೇ ಮೇಲೆದ್ದು ಕೊಳವೆಗಳು ಮುರಿಯುವುವು. ಗಾರೆಯಿಲ್ಲದೆ ಕಲ್ಲು ಜೋಡಿಸಿದ ಹಳೆಯ ಕಲ್ಯಾಣಿಗಳಿಗೆ ಈ ಭಯವಿಲ್ಲ. ಸಂದುಗಳಿಂದ ನೀರು ಒಳಕ್ಕೂ ಹೊರಕ್ಕೂ ಹರಿದು ಸಮವಾಗುವುದು. ಹೊಸ ಕೊಳವಾದರೋ ಹನಿಯನ್ನೂ ಬಿಡದ ಪಾತ್ರೆಯು. ಕೆಲವು ಕೊಳಗಳ ತಳದಲ್ಲಿ ಒತ್ತಡವನ್ನು ಬಿಡುವ ಕವಾಟವಿರುವುದುಂಟು. ಮಣ್ಣು ಕಟ್ಟಿದರೆ ಅದು ತೆರೆಯದಾದುದರಿಂದ ಅದೊಂದನ್ನೇ ನಂಬತಕ್ಕದ್ದಲ್ಲ. ದುರಸ್ತಿಗಾಗಿ ಬರಿದುಮಾಡಲೇಬೇಕಾದರೆ ಬೇಸಗೆಯನ್ನು ಕಾಯಿರಿ. ಹಿತ್ತಿಲಲ್ಲಿ ತೆರೆದ ಬಾವಿಯಿದ್ದವರು ಅದರ ನೀರು ಕೊಳದ ತಳಕ್ಕಿಂತ ಚೆನ್ನಾಗಿ ಕೆಳಗಿಳಿದಿದೆಯೇ ಎಂದು ಮೊದಲು ನೋಡಬೇಕು. ಬಾವಿಯಿಲ್ಲದವರು ತಿಳಿದ ಇಂಜಿನಿಯರರನ್ನು ಕೇಳಬೇಕು.

ಹಾಗಾದರೆ ಉಕ್ಕುವ ಭಯಕ್ಕೇನು ಪರಿಹಾರ? 100 ಮಿಲಿಮೀಟರು ಮಳೆ ಸುರಿದರೂ ನೇರವಾಗಿ ಬಿದ್ದ ನೀರಿನಿಂದ ಕೊಳವು 10 ಸೆಂಟಿಮೀಟರು ಮಾತ್ರ ಏರುವುದು. ಹೆಚ್ಚು ನೀರು ಹೋಗುವ ಕೊಳವೆಯನ್ನು ಶುಚಿಯಾಗಿಡಿರಿ. ಅದಿಲ್ಲದಿದ್ದರೆ ಅರ್ಧ ಅಡಿಯಷ್ಟು ಇಳಿಸಿದರೆ ಸಾಕು. ಅಂಗಳದ ಕೆಸರುನೀರು ಕೊಳಕ್ಕೆ ನುಗ್ಗದಂತೆ ಚರಂಡಿಯನ್ನು ಬಿಡಿಸಿಡುವುದು ಇದಕ್ಕಿಂತ ಮುಖ್ಯವು.

ಗಾಳಿ ಏಳುವ ಮೊದಲೇ ಕುರ್ಚಿ, ಕೊಡೆಗಳನ್ನು ಒಳಗಿಡಿರಿ. ಒಣಗಿದ ತೆಂಗಿನ ಗರಿಗಳನ್ನು ಇಳಿಸಿರಿ. ಹಗುರವಾದ ಹೊದಿಕೆಯು ಗಾಳಿಗೆ ಹರಿಯುವುದರಿಂದ ತೆಗೆದಿಡುವುದೇ ಲೇಸು. ಪಂಪು ಮತ್ತು ದೀಪಗಳ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿಯೇ ನಿಲ್ಲಿಸಿರಿ. ಗುಡುಗು ಕೇಳಿಸಿದರೆ ನೀರಿನಿಂದ ಎದ್ದುಬರಬೇಕು. ಕೊನೆಯ ಗುಡುಗಿನ ಬಳಿಕ 30 ನಿಮಿಷಗಳಾಗದೆ ಮತ್ತೆ ಇಳಿಯಬಾರದು. ಕ್ಲೋರಿನ್ ಪುಡಿಯನ್ನೂ ಆಮ್ಲವನ್ನೂ ಒಣಗಿದ ಸ್ಥಳದಲ್ಲಿ, ಬೇರೆಬೇರೆಯಾಗಿ ಇಡಿರಿ. ಇವೆರಡೂ ಬೆರೆತರೆ ವಿಷವಾಯು ಹುಟ್ಟುವುದು.

ಮಳೆ ನಿಂತ ಮೇಲೆ ಕೆಲಸವನ್ನು ಕ್ರಮವಾಗಿ ನಡೆಸಬೇಕು. ವಿದ್ಯುತ್ ತಂತಿಯೇನಾದರೂ ಬಿದ್ದಿದ್ದರೆ ಹತ್ತಿರ ಹೋಗದೆ ವಿದ್ಯುತ್ ಕಚೇರಿಗೆ ತಿಳಿಸಿರಿ. ಅಂಥ ಭಯವಿಲ್ಲದಿದ್ದರೆ ಉದ್ದ ಹಿಡಿಯ ಬಲೆಯಿಂದ ಎಲೆಕಡ್ಡಿಗಳನ್ನು ತೆಗೆಯಿರಿ. ನೀರಿನ ಮಟ್ಟವನ್ನು ಸರಿಮಾಡಿ, ಪಂಪಿಗೆ ನೀರು ತಗುಲಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ನಡೆಸಿರಿ, ಫಿಲ್ಟರನ್ನು ತೊಳೆಯಿರಿ. ಬಳಿಕ ಪಿ.ಎಚ್. ಮಾನವನ್ನು 7.2ರಿಂದ 7.8ರೊಳಗೆ ತಂದು, ಅನಂತರ ಕ್ಲೋರಿನನ್ನು ಲೀಟರಿಗೆ 1ರಿಂದ 3 ಮಿಲಿಗ್ರಾಮಿನಷ್ಟು ನಿಲ್ಲಿಸಬೇಕು. ಪಿ.ಎಚ್. ಏರಿದ್ದರೆ ಕ್ಲೋರಿನಿನ ಶಕ್ತಿ ಕುಗ್ಗುವುದರಿಂದ ಈ ಕ್ರಮವನ್ನು ಹೇಳಿರುವೆವು. ವಿದ್ಯುತ್ತಿಲ್ಲವೆಂದು ವಾರಗಟ್ಟಲೆ ಬಿಟ್ಟರೆ ಸೊಳ್ಳೆಗಳು ಹುಟ್ಟುವುವು.

ಕೊನೆಯದಾಗಿ ಮಕ್ಕಳ ವಿಷಯ. ಕೊಳವನ್ನು ತುಂಬಿಯೇ ಇಡಿರೆಂದು ಹೇಳುವ ನಾವು ಇದನ್ನು ಹೇಳದೆ ಬಿಡಲಾರೆವು. ತಿಳಿನೀರಿನಲ್ಲಿ ಮುಳುಗಿದ ಮಗುವು ಕಣ್ಣಿಗೆ ಬೀಳುವುದು. ಕದಡಿದ ನೀರಿನಲ್ಲಿ ಬೀಳದು. ಕೊಳದ ಸುತ್ತ 4 ಅಡಿಗೆ ಕಡಿಮೆಯಿಲ್ಲದ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿನ ಬೇಲಿಯಿರಬೇಕು. ಗಾಳಿಯ ಮರುದಿನ ಕೊಂಬೆ ಬಿದ್ದು ಬೇಲಿಯು ಎಲ್ಲಿಯಾದರೂ ಬಾಗಿದೆಯೇ ಎಂದು ಮೊದಲು ನೋಡಿರಿ. ಬೇರೆ ದುರಸ್ತಿಗಳು ನಾಲ್ಕು ದಿನ ಕಾಯಬಹುದು, ಇದು ಒಂದು ಗಳಿಗೆಯೂ ಕಾಯದು. ಕೊಳದ ತಳವು ಸ್ಪಷ್ಟವಾಗಿ ಕಾಣುವವರೆಗೆ ದೊಡ್ಡವರನ್ನೂ ಇಳಿಯಗೊಡಬೇಡಿರಿ.