ಹಗುರ ಗಾಳಕೋಲು: ಅಕ್ಷರ ಬಿಡಿ, ಅಂಕಿ ನೋಡಿ

ಕರಾವಳಿಗೆ ಗಾಳ ಹೊಸದಲ್ಲ. ಬಿದಿರಿನ ಕೋಲು, ನೈಲಾನ್ ದಾರ, ಕೊಕ್ಕೆಗೆ ಸಿಕ್ಕಿಸಿದ ಒಂದು ಸಿಗಡಿ – ಇಷ್ಟಿದ್ದರೆ ಹೊಳೆಬದಿಯ ಹುಡುಗರಿಗೆ ಒಂದು ಸಂಜೆ ಸಾಕಾಗುತ್ತಿರಲಿಲ್ಲ. ಈಗ ಮಲ್ಪೆಯ ಅಲೆ ತಡೆಗೋಡೆಯ ಮೇಲೋ, ಹೊನ್ನಾವರದ ಶರಾವತಿ ಅಳಿವೆಯಲ್ಲೋ, ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲೋ ನಿಂತವರ ಕೈಯಲ್ಲಿ ಕಾರ್ಬನ್ ನಾರಿನ ಕೋಲು, ಅದಕ್ಕೊಂದು ರೀಲು, ದಾರದ ತುದಿಯಲ್ಲಿ ಕೃತಕ ಮೀನು. ಇದೇ ಸ್ಪಿನ್ನಿಂಗ್ ರಾಡ್. ಕೈ ಸೋಲದೆ ಗಂಟೆಗಟ್ಟಲೆ ಬೀಸಬಹುದಾದ ಹಗುರ ಕೋಲಿಗೇ ಹೆಚ್ಚಿನವರು ಆಸೆಪಡುವುದು.

ಕೊಳ್ಳುವಾಗಲೇ ತೊಡಕು ಶುರುವಾಗುತ್ತದೆ. ಅಂಗಡಿಯವರು ‘ಇದು ಲೈಟು, ಇದು ಮೀಡಿಯಂ’ ಎಂದು ಸಾಲಾಗಿ ಕೊಡುತ್ತಾರೆ. ಗಿರಾಕಿ ಗಾಳಿಯಲ್ಲಿ ಎರಡು ಸಲ ಅಲ್ಲಾಡಿಸಿ, ಬಣ್ಣ ನೋಡಿ, ಬೆಲೆ ಕೇಳಿ ಮನೆಗೆ ತರುತ್ತಾನೆ. ತಿಂಗಳೊಳಗೆ ಎರಡರಲ್ಲೊಂದು ದೂರು ಕೇಳಿಬರುತ್ತದೆ: ಎಷ್ಟು ಬೀಸಿದರೂ ದೂರ ಹೋಗುವುದಿಲ್ಲ, ಇಲ್ಲವೇ ತುದಿ ಮುರಿಯಿತು. ಎರಡರ ಮೂಲವೂ ಹೆಚ್ಚಾಗಿ ಒಂದೇ. ದಾರದ ತುದಿಗೆ ಕಟ್ಟುವುದು ಎಷ್ಟು ಗ್ರಾಂ ಎಂಬುದನ್ನು ಕೊಳ್ಳುವಾಗ ಯಾರೂ ಕೇಳಿರುವುದಿಲ್ಲ.

ಗಾಳಕೋಲು ಎಂದರೆ ಒಂದು ಸ್ಪ್ರಿಂಗು. ಬೀಸಿದಾಗ ತುದಿಯ ತೂಕ ಅದನ್ನು ಬಗ್ಗಿಸುತ್ತದೆ. ಬಗ್ಗಿದ ಕೋಲು ನೆಟ್ಟಗಾಗುವಾಗ ಆ ತೂಕವನ್ನು ಚಿಮ್ಮಿಸುತ್ತದೆ. ತೂಕ ತೀರಾ ಕಡಿಮೆಯಾದರೆ ಕೋಲು ಬಗ್ಗುವುದೇ ಇಲ್ಲ, ಬರಿಯ ತೋಳಿನ ಬಲದಲ್ಲಿ ಎಸೆಯಬೇಕಾಗುತ್ತದೆ. ಮಿತಿ ಮೀರಿದರೆ ಕೋಲು ಸೋಲುತ್ತದೆ, ಒಮ್ಮೊಮ್ಮೆ ಮುರಿಯುತ್ತದೆ. ಆದ್ದರಿಂದ ಮೊದಲು ನಿರ್ಧರಿಸಬೇಕಾದದ್ದು ಎಸೆಯುವ ವಸ್ತುವಿನ ತೂಕವನ್ನು.

ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಇದೆಲ್ಲ ಅಚ್ಚಾಗಿರುತ್ತದೆ. ‘ಎಲ್’ ಎಂದರೆ ಲೈಟ್, ‘ಎಂಎಲ್’ ಎಂದರೆ ಮೀಡಿಯಂ ಲೈಟ್, ‘ಎಂ’ ಎಂದರೆ ಮೀಡಿಯಂ. ಆದರೆ ಈ ಅಕ್ಷರಗಳಿಗೆ ಎಲ್ಲ ಕಂಪೆನಿಗಳೂ ಒಪ್ಪಿದ ಒಂದೇ ಅಳತೆ ಇಲ್ಲ. ಒಬ್ಬರ ಲೈಟ್ ಇನ್ನೊಬ್ಬರ ಮೀಡಿಯಂ ಲೈಟ್ ಆಗಿರಬಹುದು. ಕೆರೆ ಮೀನಿಗೆಂದು ಮಾಡಿದ ಕೋಲಿನ ‘ಎಲ್’ ಕಡಲಿನ ಕೋಲಿನ ‘ಎಲ್’ಗಿಂತ ಬೇರೆಯೇ ಇದ್ದೀತು. ನಂಬಬೇಕಾದದ್ದು ಅದರ ಪಕ್ಕದ ಅಂಕಿಗಳನ್ನು. ‘5–21 ಗ್ರಾಂ’ ಎಂದು ಬರೆದಿದ್ದರೆ ಅದು ಎಸೆಯಬಹುದಾದ ತೂಕ. ಕೆಲವು ಕೋಲುಗಳಲ್ಲಿ ಇದು ಔನ್ಸಿನಲ್ಲಿರುತ್ತದೆ. ಕಾಲು ಔನ್ಸ್ ಎಂದರೆ ಸುಮಾರು 7 ಗ್ರಾಂ, ಮುಕ್ಕಾಲು ಔನ್ಸ್ ಎಂದರೆ 21 ಗ್ರಾಂ. ಕೋಲು ಚೆನ್ನಾಗಿ ಕೆಲಸ ಮಾಡುವುದು ಎರಡು ತುದಿಗಳ ನಡುವಿನಲ್ಲಿ. 10ರಿಂದ 15 ಗ್ರಾಂ ತೂಕದ ಕೃತಕ ಮೀನು, ಸಣ್ಣ ಲೋಹದ ಜಿಗ್ ಬಳಸುವವರಿಗೆ ಈ ಕೋಲು ಹೇಳಿ ಮಾಡಿಸಿದಂತೆ. 30 ಗ್ರಾಂನ ಸೀಸ ಕಟ್ಟಿ ಬೀಸುವವರು ಬೇರೆ ಕೋಲು ನೋಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಗಾಳಕ್ಕೂ ಸಲ್ಲುತ್ತದೆ.

ನಿಲ್ಲುವ ಜಾಗ, ಕೋಲಿನ ಉದ್ದ

ಉದ್ದವನ್ನು ನಿರ್ಧರಿಸುವುದು ನಿಲ್ಲುವ ಜಾಗ. ದೋಣಿಯಲ್ಲಿ ಕುಳಿತು ಬೀಸುವವರಿಗೆ ಆರೂವರೆಯಿಂದ 7 ಅಡಿ ಸಾಕು. ಉದ್ದದ ಕೋಲು ಪಕ್ಕದವರ ತಲೆಗೆ ತಾಗುತ್ತದೆ. ತಡೆಗೋಡೆ, ಬಂಡೆಗಳ ಮೇಲಿನಿಂದ ಹಾಕುವವರಿಗೆ ಏಳೂವರೆಯಿಂದ ಎಂಟೂವರೆ ಅಡಿ ಬೇಕು. ಮೀನು ದಡಕ್ಕೆ ಹತ್ತಿರವಾದಾಗ ದಾರ ಕಲ್ಲಿನ ಅಂಚಿಗೆ ಉಜ್ಜದಂತೆ ಆಚೆ ಹಿಡಿಯಲು ಈ ಉದ್ದ ನೆರವಾಗುತ್ತದೆ. ಮರಳ ದಂಡೆಯಲ್ಲಿ ಒಡೆಯುವ ಅಲೆಗಳ ಆಚೆಗೆ ಎಸೆಯುವವರು 9 ಅಡಿಗೂ ಹೋಗಬಹುದು. ಒಂದೇ ಕೋಲು ಕೊಳ್ಳುವವರಿಗೆ 8 ಅಡಿ ಒಳ್ಳೆಯ ರಾಜಿ. ಎರಡು ತುಂಡಾಗಿ ಬಿಚ್ಚುವಂಥದಾದರೆ ತಲಾ ನಾಲ್ಕಡಿ, ಬಸ್ಸಿನಲ್ಲೂ ಹಿಡಿಸುತ್ತದೆ.

ಕೋಲು ಎಲ್ಲಿ ಬಗ್ಗುತ್ತದೆ ಎಂಬುದು ಇನ್ನೊಂದು ವಿಷಯ. ‘ಫಾಸ್ಟ್’ ಎಂದು ಬರೆದದ್ದು ತುದಿಯ ಮೂರನೇ ಒಂದು ಭಾಗದಲ್ಲಿ ಬಗ್ಗುತ್ತದೆ; ಕೈಯ ಸಣ್ಣ ಚಲನೆಯೂ ತುದಿಗೆ ಮುಟ್ಟುತ್ತದೆ. ‘ಮಾಡರೇಟ್’ ಎಂಬುದು ನಡುವಿನವರೆಗೂ ಬಾಗಿ ಮೀನಿನ ಜಗ್ಗನ್ನು ಮೆತ್ತಗೆ ತಾಳಿಕೊಳ್ಳುತ್ತದೆ. ಮೊದಲ ಸಲ ಕೊಳ್ಳುವವರಿಗೆ ಇವೆರಡರ ನಡುವಿನದು, ಅಂದರೆ ‘ಮಾಡರೇಟ್ ಫಾಸ್ಟ್’ ಹೊಂದುತ್ತದೆ.

ಮೀನಿನ ಮರ್ಯಾದೆ

ಹಗುರ ಕೋಲಿಗೂ ಮಿತಿಯಿದೆ. ಬಯಲು ನೀರಿನಲ್ಲಿ ಒಂದೆರಡು ಕಿಲೋ ತೂಕದ ಮೀನು ಓಡಿದರೆ ಓಡಲು ಬಿಟ್ಟು, ದಣಿಸಿ, ಎಳೆದುಕೊಳ್ಳಬಹುದು. ಕಲ್ಲಿನ ಸಂದಿಯಲ್ಲೋ ಕಾಂಡ್ಲಾ ಬೇರಿನ ನಡುವೆಯೋ ಇರುವ ಕೆಂಬೇರಿ ಹಾಗಲ್ಲ. ಕಚ್ಚಿದ ಕ್ಷಣವೇ ಗೂಡಿಗೆ ನುಗ್ಗುತ್ತದೆ. ತಡೆದು ನಿಲ್ಲಿಸುವ ಬಲ ಹಗುರ ಕೋಲಿಗಿಲ್ಲ. ದಾರ ಹರಿಯುತ್ತದೆ, ಬಾಯಲ್ಲಿ ಮುಕ್ಕೊಕ್ಕೆ ಚುಚ್ಚಿಕೊಂಡ ಮೀನು ಹಾಗೆಯೇ ಹೋಗುತ್ತದೆ. ಅದು ಹವ್ಯಾಸಿಗೆ ನಷ್ಟ, ಮೀನಿಗೆ ಹಿಂಸೆ. ಅಂಥ ಜಾಗದಲ್ಲಿ ಒಂದು ಮೆಟ್ಟಿಲು ಮೇಲಿನ ಕೋಲು ಹಿಡಿಯುವುದೇ ನ್ಯಾಯ.

ಕೋಲಿನ ಮೇಲೆ ದಾರದ ಮಿತಿಯೂ ಬರೆದಿರುತ್ತದೆ. ಹೆಣೆದ ದಾರವಾದರೆ ‘ಪಿಇ 0.6–1.0’ ಎಂಬಂತೆ ಇರುತ್ತದೆ; ಪಿಇ 1 ಎಂದರೆ ಸುಮಾರು 0.165 ಮಿಲಿಮೀಟರ್ ದಪ್ಪ. ಹೆಚ್ಚು ಬಲದ ದಾರ ಸುತ್ತಿದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ರೀಲಿನ ಬಿಗಿಯನ್ನೂ ಅಷ್ಟೇ ಏರಿಸಿದರೆ ದಾರ ಹರಿಯುವ ಮೊದಲು ಕೋಲು ಮುರಿಯುತ್ತದೆ. 12 ಪೌಂಡ್ ದಾರ ತಾಳುವುದು ಸುಮಾರು ಐದೂವರೆ ಕಿಲೋ. ರೀಲಿನ ಡ್ರ್ಯಾಗನ್ನು ಇದರ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ, ಅಂದರೆ ಒಂದೂಕಾಲು–ಒಂದೂಮುಕ್ಕಾಲು ಕಿಲೋಗೆ ಹೊಂದಿಸಬೇಕು. ದಾರದ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದರೆ ತಿಳಿಯುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಕೋಲಿಗೆ ಹಾಕಬೇಕೆಂದಿರುವ ರೀಲನ್ನೇ ಸಿಕ್ಕಿಸಿ ನೋಡಬೇಕು. 2500 ಅಥವಾ 3000 ಅಳತೆಯ ರೀಲು ಇಂಥ ಕೋಲಿಗೆ ಸರಿ. ರೀಲಿನ ಕಾಲಿನ ಆಸುಪಾಸಿನಲ್ಲಿ ಬೆರಳಿಟ್ಟರೆ ಕೋಲು ಸಮತೂಗಬೇಕು. ತುದಿ ಭಾರವಾದರೆ ಒಂದು ಗಂಟೆಯಲ್ಲೇ ಮಣಿಕಟ್ಟು ನೋಯುತ್ತದೆ. ಬುಡದಿಂದ ಕಣ್ಣಿಟ್ಟು ನೋಡಿದಾಗ ದಾರ ಹಾಯುವ ಉಂಗುರಗಳು ಒಂದೇ ಸಾಲಿನಲ್ಲಿರಬೇಕು. ಪ್ರತಿ ಉಂಗುರದ ಒಳಗೆ ಚೂರು ಹತ್ತಿ ಆಡಿಸಿದರೆ ಕಣ್ಣಿಗೆ ಕಾಣದ ಬಿರುಕೂ ಗೊತ್ತಾಗುತ್ತದೆ. ಎಳೆ ಸಿಕ್ಕಿಕೊಂಡಲ್ಲಿ ದಾರವೂ ಹರಿಯುತ್ತದೆ. ತುದಿಯನ್ನು ಕೈಯಿಂದ ಹಿಡಿದು ಬಗ್ಗಿಸಿ ಪರೀಕ್ಷಿಸುವುದು ಬೇಡ. ಮೀನು ಎಂದೂ ಹಾಗೆ ಎಳೆಯುವುದಿಲ್ಲ.

ಮನೆಗೆ ತಂದ ಮೇಲೆ ನೆನಪಿಡಬೇಕಾದದ್ದು ಸ್ವಲ್ಪವೇ. ಮೀನನ್ನು ಕೋಲಿನಿಂದ ಎತ್ತಬಾರದು, ಉದ್ದ ಹಿಡಿಯ ಬಲೆ ಬಳಸಬೇಕು. ಮೀನು ಕಾಲಬುಡಕ್ಕೆ ಬಂದಾಗ ಕೋಲನ್ನು ಆಕಾಶಕ್ಕೆ ನೆಟ್ಟಗೆ ಹಿಡಿದರೆ ಭಾರವೆಲ್ಲ ಸಪೂರ ತುದಿಯ ಮೇಲೆ ಬೀಳುತ್ತದೆ. ತುದಿಗಳು ಮುರಿಯುವುದು ಆಗಲೇ. ಬಳಸಿದ ದಿನವೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಂಗುರದ ಬುಡವನ್ನು ಉಪ್ಪು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ. ತಂತಿಯ ಕೆಳಗೆ ಕೋಲೆತ್ತಿ ನಡೆಯಬಾರದು. ಗುಡುಗಿನ ಸದ್ದು ಕೇಳಿದರೆ ಕೋಲು ಕೆಳಗಿಟ್ಟು ಸೂರು ಸೇರಬೇಕು. ಮಳೆಗಾಲದ ಅಲೆಯೆದುರು ಬಂಡೆ ಏರುವ ಸಾಹಸವೂ ಬೇಡ.

ಎಲ್ಲಿ ನಿಲ್ಲುವುದು, ಯಾವ ಮೀನು, ಎಷ್ಟು ಗ್ರಾಂ – ಈ ಮೂರಕ್ಕೆ ಮನೆಯಲ್ಲೇ ಉತ್ತರ ಬರೆದುಕೊಂಡು ಹೋದ ಗಿರಾಕಿಗೆ ಅಂಗಡಿಯಲ್ಲಿ ಹೆಚ್ಚು ಹೊತ್ತು ಹಿಡಿಯದು. ಬಣ್ಣ, ಬೆಲೆಯ ಮಾತು ಆಮೇಲೆ.