ಗಾಲಿಯ ಜ್ವರ ನೋಡುವವರು ಯಾರು?

ಅರಬೈಲ್ ಘಟ್ಟ ಇಳಿದ ಲಾರಿ ಬುಡದಲ್ಲಿ ನಿಂತು ಬ್ರೇಕ್ ಆರಿಸಿಕೊಳ್ಳುವುದನ್ನು ಹುಬ್ಬಳ್ಳಿ ಬಸ್ಸಿನಲ್ಲಿ ಓಡಾಡುವ ಯಾರೂ ಕಂಡಿದ್ದಾರೆ. 2010ರ ವರೆಗೆ ಬಳ್ಳಾರಿ ಅದಿರು ಬೇಲೆಕೇರಿಗೆ ಬರುತ್ತಿದ್ದ ಕಾಲದಲ್ಲಂತೂ ಕಿಟಕಿ ಮುಚ್ಚಿದರೂ ಸುಟ್ಟ ನಾತ ಒಳಗೆ ನುಗ್ಗುತ್ತಿತ್ತು. ಲಾರಿಗಾದರೆ ಟಯರ್ ಬೇರೆ, ಬ್ರೇಕ್ ಡ್ರಮ್ ಬೇರೆ. ಗೂಡ್ಸ್ ರೈಲಿಗೆ ಹಾಗಲ್ಲ ಮಾರಾಯ್ರೆ. ಅಲ್ಲಿ ಓಡುವುದೂ ಗಾಲಿಯೇ, ಬ್ರೇಕ್ ಗಟ್ಟೆ ಉಜ್ಜುವುದೂ ಅದೇ ಗಾಲಿಯ ಅಂಚನ್ನೇ.

ಭರ್ತಿಯಾದ ಬಾಕ್ಸ್‌-ಎನ್ ವ್ಯಾಗನ್ನಿನ ತೂಕ ಸುಮಾರು 81 ಟನ್. ಗಾಲಿ ಎಂಟು. ಅಂದರೆ ಒಂದೊಂದರ ಮೇಲೆ 10 ಟನ್, ಅದೂ ನಾಣ್ಯದಷ್ಟು ಜಾಗದಲ್ಲಿ ಹಳಿಗೆ ತಾಗಿಕೊಂಡು! ಇದು ಭಾರದ ಒತ್ತಡವಾಯಿತು. ಬಿಸಿಯ ಒತ್ತಡ ಇದಕ್ಕಿಂತ ಕಪಟಿ. ಬ್ರೇಕ್ ಹಿಡಿದಾಗ ಅಂಚು ಕಾದು ಹಿಗ್ಗಲು ನೋಡುತ್ತದೆ, ತಣ್ಣಗಿರುವ ನಡುಭಾಗ ಬಿಡುವುದಿಲ್ಲ. ಕಾವು ಮಿತಿಮೀರಿದರೆ ಉಕ್ಕು ಒಳಗೊಳಗೇ ಅದುಮಿಹೋಗುತ್ತದೆ. ಆರಿದ ಮೇಲೆ ಅಂಚು ಮೊದಲಿಗಿಂತ ಕುಗ್ಗಬೇಕು, ಆದರೆ ಕುಗ್ಗಲು ಜಾಗವಿಲ್ಲ. ಕಮ್ಮಾರ ಎತ್ತಿನಗಾಡಿ ಗಾಲಿಗೆ ಕಾಸಿ ಹಾಕಿದ ಪಟ್ಟಿಯ ಹಾಗೆ ಬಿಗಿದು ನಿಲ್ಲುತ್ತದೆ. ಆಗ ಕೂದಲೆಳೆಯ ಬಿರುಕು ಸಿಕ್ಕರೂ ಸಾಕು, ಗಾಲಿ ಸೀಳಬಹುದು.

ಇದಕ್ಕೆ ಮದ್ದು ನಮ್ಮ ರಾಜ್ಯದಲ್ಲೇ ಇದೆ. 1984ರಲ್ಲಿ ಶುರುವಾದ ಯಲಹಂಕದ ಗಾಲಿ ಕಾರ್ಖಾನೆಯಲ್ಲಿ ಎರಕದ ಗಾಲಿಯನ್ನು ಮತ್ತೆ ಕಾಸಿ, ಅಂಚಿಗೆ ಮಾತ್ರ ನೀರು ಹೊಡೆಯುತ್ತಾರೆ. ಅಂಚು ಮೊದಲು ಗಟ್ಟಿಯಾಗುತ್ತದೆ, ಒಳಭಾಗ ಆಮೇಲೆ ಕುಗ್ಗಿ ಅಂಚನ್ನು ಒಳಕ್ಕೆ ಎಳೆದು ಅದುಮಿ ಹಿಡಿಯುತ್ತದೆ. ಬಿರುಕು ಬಾಯಿ ಬಿಡುವುದು ಕಷ್ಟ. ಆದರೆ ಬ್ರೇಕ್ ಕಚ್ಚಿಕೊಂಡ ವ್ಯಾಗನ್ನನ್ನು ಗೊತ್ತಿಲ್ಲದೆ ಮೈಲಿಗಟ್ಟಲೆ ಎಳೆದರೆ ಈ ರಕ್ಷಣೆ ಕರಗಿ ಉಲ್ಟಾ ಆಗುತ್ತದೆ. ಕಾರ್ಖಾನೆ ಕೊಟ್ಟಿದ್ದನ್ನು ಅಜಾಗರೂಕತೆ ಕಳೆಯಿತು, ಅಷ್ಟೆ.

ಗಾಲಿ ಒಡೆದರೆ ಏನಾಗುತ್ತದೆ? 1998ರ ಜೂನ್ 3ರಂದು ಜರ್ಮನಿಯ ಎಶೆಡೆಯಲ್ಲಿ ಗಾಲಿಯ ಹೊರಪಟ್ಟಿ ಸವೆದು ದಣಿದು ಮುರಿಯಿತು. 101 ಜನ ಸತ್ತರು. ಅಲ್ಲಿ ಕಾರಣ ಬಿಸಿಯಲ್ಲ, ಮತ್ತೆ ಮತ್ತೆ ಬಿದ್ದ ಭಾರ. ಫಲ ಮಾತ್ರ ನೆನಪಿಡತಕ್ಕದ್ದು.

ಕೊಂಕಣ ರೈಲು ಮಾರ್ಗದಲ್ಲಿ ಇಳಿಜಾರು 150ಕ್ಕೆ 1ರ ಮಿತಿಯಲ್ಲಿದೆ. ಹಾಗಾಗಿ ಹಾರವಾಡ ದಾಟುವ ಗಾಡಿಗಳ ಬಗ್ಗೆ ನಮಗೆ ಅಂಥ ಹೆದರಿಕೆಯಿಲ್ಲ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟ 37ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 50ಕ್ಕೆ 1. ಬ್ರೇಕ್ ತಪ್ಪಿದ ಗಾಡಿಯನ್ನು ಹಿಡಿಯಲು ಅಂಥ ಘಟ್ಟಗಳಲ್ಲಿ ಏರು ಹಳಿಯನ್ನೇ ಪಕ್ಕಕ್ಕೆ ಹಾಕಿರುತ್ತಾರೆ.

1990ರ ದಶಕದಿಂದ ಕಡತ, ಕಾಡು, ಕೋರ್ಟು ಎಂದು ಸುತ್ತುತ್ತಿರುವ ಹುಬ್ಬಳ್ಳಿ-ಅಂಕೋಲಾ ಮಾರ್ಗ 600 ಮೀಟರಿಗೂ ಎತ್ತರದ ಊರಿನಿಂದ ನಮ್ಮ ಸಮುದ್ರದಂಡೆಗೆ ಇಳಿಯಬೇಕು. ಮರ ಎಷ್ಟು ಬೀಳುತ್ತದೆ ಎಂಬ ಚರ್ಚೆ ನಡೆದಿದೆ, ನಡೆಯಲೇಬೇಕು. ವ್ಯಾಪಾರ ಎಷ್ಟು ಏಳುತ್ತದೆ ಎಂದು ಅಂಗಡಿಕಾರರೂ ಲೆಕ್ಕ ಹಾಕಿದ್ದಾರೆ. ಗಾಲಿಯ ಲೆಕ್ಕ ಯಾರ ಬಾಯಲ್ಲೂ ಇಲ್ಲ. ಇಳಿಯುವಾಗ ಎಂಜಿನ್ನಿನ ಮೋಟಾರೇ ಎಷ್ಟು ತಡೆ ಕೊಡುತ್ತದೆ, ಗಟ್ಟೆಗೆ ಎಷ್ಟು ಬೀಳುತ್ತದೆ, ಘಟ್ಟದ ಬುಡದಲ್ಲಿ ಗಾಲಿಯ ಕಾವು ಅಳೆಯುವ ಯಂತ್ರ ಎಲ್ಲಿ ಕೂರುತ್ತದೆ? ನಕ್ಷೆ ತಂದಾಗ ಸಂಬಂಧಪಟ್ಟವರು ಈ ಮೂರಕ್ಕೂ ಅಂಕೋಲೆಯ ಸಭೆಯಲ್ಲಿ ಕನ್ನಡದಲ್ಲೇ ಉತ್ತರ ಕೊಡಲಿ.