ಸಂಪುಟಗೊಂಡ ಚಿತ್ರಕಥೆಗಳ ವಿಮರ್ಶೆ: ಗ್ರಂಥಸಂಪಾದನೆಯ ದೃಷ್ಟಿಯಿಂದ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಬಳಕೆಯಲ್ಲಿದೆ. ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ಸೂಳೆಯರು ಶಾಂತವ್ವನಿಗೆ ಜಾಗ ಬಿಟ್ಟುಕೊಟ್ಟರೆಂಬುದು ಐತಿಹ್ಯದ ಒಂದು ರೂಪ. ಹಳೆಯ ಹೆಸರು ಆ ಕಥೆಯನ್ನು ಉಳಿಸಿಕೊಂಡಿದೆ. ಸಭ್ಯವೆನಿಸುವ ಹೆಸರು ಅದನ್ನು ಮರೆಗೆ ಸರಿಸುತ್ತದೆ. ಸ್ಥಳನಾಮ ಸಂಶೋಧಕರು ಎರಡನ್ನೂ ದಾಖಲಿಸಿ ಬದಲಾವಣೆಯ ಕಾರಣವನ್ನು ವಿಚಾರಿಸುತ್ತಾರೆ. ಇದೇ ಎಚ್ಚರ ಚಿತ್ರಕಥೆಗಳ ವಿಷಯದಲ್ಲಿಯೂ ಅಗತ್ಯವೆಂಬುದು ಪ್ರಸ್ತುತ ಟಿಪ್ಪಣಿಯ ನಿಲುವು.

ಲೀ ಫಾಕ್ ಅವರ ಫ್ಯಾಂಟಮ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಲ್ಲಿ ಆರಂಭವಾಯಿತು. 1964ರಿಂದ 1990ರವರೆಗೆ ಪ್ರಕಟವಾದ ಇಂದ್ರಜಾಲ ಕಾಮಿಕ್ಸ್ ಅದನ್ನು ಕನ್ನಡವೂ ಸೇರಿದಂತೆ ಭಾರತದ ಹಲವು ಭಾಷೆಗಳ ಓದುಗರಿಗೆ ತಲುಪಿಸಿತು. ಆದರೆ ತಲುಪಿದ್ದು ಮೂಲಪಾಠವಲ್ಲ. ಇಂದ್ರಜಾಲದ ಇಂಗ್ಲಿಷ್ ಸಂಚಿಕೆಗಳಲ್ಲಿ ‘ಬಂಗಾಲ’ ದೇಶ ‘ಡೆಂಕಾಲಿ’ಯಾಯಿತು, ‘ಸಿಂಗ್’ ಕಡಲ್ಗಳ್ಳರು ‘ಸಿಂಗ’ರಾದರು. ದಿನಕ್ಕೊಂದು ಪಟ್ಟಿಯಾಗಿ ಬಂದ ಚಿತ್ರಗಳನ್ನು ಪುಸ್ತಕದ ಪುಟಕ್ಕೆ ಹೊಂದಿಸುವಾಗ ಕತ್ತರಿಸಿದ್ದೂ ಉಂಟು. ಭಾರತೀಯ ಓದುಗರಿಗೆ ನೋವಾಗದಿರಲೆಂಬ ಸಂಕೋಚವೂ ಪುಟಸಂಖ್ಯೆಯ ಮಿತಿಯೂ ಇಲ್ಲಿ ಪಾಠಾಂತರಕ್ಕೆ ಕಾರಣವಾಗಿವೆ.

ಈಚೆಗೆ ಇಂತಹ ಕೃತಿಗಳು ಸಂಪುಟಗಳಾಗಿ ಮರುಮುದ್ರಣಗೊಳ್ಳುತ್ತಿವೆ. ಫ್ಯಾಂಟಮ್‌ನ ದಿನಪತ್ರಿಕಾ ಪಟ್ಟಿಗಳನ್ನು ಅಮೆರಿಕದ ಹರ್ಮಿಸ್ ಪ್ರೆಸ್ 2010ರಿಂದ ಅನುಕ್ರಮವಾಗಿ ಹೊರತರತೊಡಗಿತು. ಇವುಗಳ ಬಗೆಗಿನ ಬರಹಗಳು ಕಥಾಸಾರ ಹೇಳಿ, ಚಿತ್ರ ಸೊಗಸಾಗಿದೆಯೆಂದು ಮುಗಿಸಿದರೆ ಸಂಪುಟವನ್ನು ವಿಮರ್ಶಿಸಿದಂತಾಗುವುದಿಲ್ಲ. ಸಂಪುಟವೆಂಬುದು ಒಂದು ಸಂಪಾದಿತ ಪಾಠ.

ಅಲನ್ ಮೂರ್ ಮತ್ತು ಡೇವಿಡ್ ಲಾಯ್ಡ್ ಅವರ ‘ವಿ ಫಾರ್ ವೆಂಡೆಟ್ಟಾ’ ಇದಕ್ಕೆ ಉತ್ತಮ ನಿದರ್ಶನ. ಫ್ಯಾಸಿಸ್ಟ್ ಆಳ್ವಿಕೆಗೆ ಸಿಕ್ಕ ಇಂಗ್ಲೆಂಡನ್ನು ಕಲ್ಪಿಸುವ ಈ ಕೃತಿ 1982ರಲ್ಲಿ ಬ್ರಿಟನ್ನಿನ ‘ವಾರಿಯರ್’ ಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಆರಂಭವಾಯಿತು. ಪತ್ರಿಕೆ ನಿಂತುಹೋದುದರಿಂದ ಅಪೂರ್ಣವಾಗಿದ್ದ ಕಥೆಯನ್ನು 1988-89ರಲ್ಲಿ ಅಮೆರಿಕದ ಡಿಸಿ ಸಂಸ್ಥೆ ಬಣ್ಣ ಹಾಕಿಸಿ ಪೂರ್ಣಗೊಳಿಸಿತು. ಹೀಗಾಗಿ ಒಂದೇ ಸಂಪುಟದಲ್ಲಿ ಎರಡು ಕಾಲದ ಬರವಣಿಗೆಯಿದೆ. ನೆರಳುಬೆಳಕನ್ನೇ ನಂಬಿ ಬರೆದ ಚಿತ್ರಗಳ ಮೇಲೆ ಅನಂತರದ ಬಣ್ಣವಿದೆ. ಇದನ್ನು ಗಮನಿಸದ ವಿಮರ್ಶೆ ಪ್ರಕ್ಷಿಪ್ತವನ್ನು ಮೂಲವೆಂದು ಓದಿದಂತೆ.

ಪ್ರತಿಗಳನ್ನು ಹೋಲಿಸುವುದು, ಪಾಠಾಂತರಗಳನ್ನು ಗುರುತಿಸುವುದು, ಅವುಗಳ ಕಾರಣ ಹುಡುಕುವುದು ಕನ್ನಡ ವಿದ್ವತ್ತಿಗೆ ಹೊಸತಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ಶಿಸ್ತು ಕರಗತ. ಓಲೆಗರಿಯ ಲಿಪಿಕಾರನ ಸ್ಖಾಲಿತ್ಯವನ್ನು ಪರಿಶೀಲಿಸುವ ನಾವು ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆದವನ ಇಕ್ಕಟ್ಟನ್ನೂ ಪರಿಶೀಲಿಸಬಹುದು. ಇಂಗ್ಲಿಷಿನ ಅಳತೆಗೆ ಬರೆದ ಗುಳ್ಳೆಯಲ್ಲಿ ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೂ ಜಾಗ ಬೇಡುತ್ತವೆ. ಅಕ್ಷರ ಕಿರಿದಾಗಬೇಕು, ಇಲ್ಲವೇ ವಾಕ್ಯ ಮೊಟಕಾಗಬೇಕು. ಚಿತ್ರಕಥೆಯ ಕನ್ನಡದ ಶೈಲಿಯನ್ನು ಈ ಒತ್ತಡದಿಂದ ಬೇರ್ಪಡಿಸಿ ವಿವೇಚಿಸಲಾಗದು.

ಮಕ್ಕಳ ಮನರಂಜನೆಗೆ ಇಷ್ಟು ಪಾಂಡಿತ್ಯವೇಕೆ ಎಂಬ ಆಕ್ಷೇಪ ಬರಬಹುದು. ಗ್ರಂಥಸಂಪಾದನೆ ಕೃತಿಯ ಪ್ರತಿಷ್ಠೆಯನ್ನು ನೋಡಿ ಆರಂಭವಾಗುವ ವಿದ್ಯೆಯಲ್ಲ. ಪಾಠ ಕೈಯಿಂದ ಕೈಗೆ ಸಾಗುವಾಗ ಏನಾಯಿತೆಂಬುದೇ ಅದರ ಪ್ರಶ್ನೆ. ಮೇಲಾಗಿ, ಇಂಗ್ಲಿಷಿನ ಮೂಲಕವೇ ಪ್ರಸಿದ್ಧವಾದ ಅಮರ ಚಿತ್ರಕಥಾ ಮಾಲೆಯ ಬೀಜ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಕೈಗೊಂಡ ಕನ್ನಡ ಪ್ರಕಟಣೆಗಳಲ್ಲಿದೆ. ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಥೆಗಳು. ‘ಕೃಷ್ಣ’ ಬಂದದ್ದು ಹನ್ನೊಂದನೆಯದಾಗಿ. ಕನ್ನಡದ ಈ ಪಾತ್ರ ವಿರಳವಾಗಿ ಪ್ರಸ್ತಾಪವಾಗುವುದಕ್ಕೆ ಇಂತಹ ಕೃತಿಗಳನ್ನು ನಾವು ಸಾಹಿತ್ಯಚರಿತ್ರೆಯ ಹೊರಗಿಟ್ಟದ್ದೂ ಒಂದು ಕಾರಣ.

ಆದ್ದರಿಂದ ಚಿತ್ರಕಥಾ ಸಂಪುಟವನ್ನು ವಿಮರ್ಶಿಸುವವರು ಕೆಲವು ಪ್ರಶ್ನೆಗಳನ್ನು ಕಡ್ಡಾಯವಾಗಿ ಕೇಳಬೇಕು. ಮೂಲ ಸಂಚಿಕೆಗಳ ದಿನಾಂಕಗಳಿವೆಯೇ? ಬಿಟ್ಟ, ಬದಲಿಸಿದ ಚಿತ್ರಗಳನ್ನು ಸೂಚಿಸಲಾಗಿದೆಯೇ? ಬಣ್ಣ ಯಾವ ಕಾಲದ್ದು? ಅನುವಾದಕರ, ಅಕ್ಷರ ಬರೆದವರ ಹೆಸರುಗಳಿವೆಯೇ? ಕನ್ನಡ ವಿಭಾಗಗಳು ಒಂದೇ ಒಂದು ಫ್ಯಾಂಟಮ್ ಕಥೆಯ ಅಮೆರಿಕನ್ ಪಟ್ಟಿ, ಇಂದ್ರಜಾಲದ ಇಂಗ್ಲಿಷ್ ಸಂಚಿಕೆ, ಕನ್ನಡ ಸಂಚಿಕೆ ಈ ಮೂರನ್ನೂ ಎದುರುಬದುರು ಇಟ್ಟು ಹೋಲಿಸಿದರೂ ಸ್ನಾತಕೋತ್ತರ ಕಿರುಪ್ರಬಂಧವೊಂದಕ್ಕೆ ಸಾಕಷ್ಟು ಸಾಮಗ್ರಿ ದೊರೆಯುತ್ತದೆ. ಅಗ್ಗದ ಕಾಗದದ ಆಯುಸ್ಸು ಓಲೆಗರಿಯಷ್ಟು ದೀರ್ಘವಲ್ಲ. ಹೋಲಿಸಲು ಪ್ರತಿಗಳಿರುವಾಗಲೇ ಈ ಕೆಲಸ ನಡೆಯಬೇಕು.